ಮಧ್ಯಾಹ್ನಕ್ಕೆ ನೆನಪಾದ ನಂಟು

ಫಕೀರವ್ವನ ಹಿತ್ತಲಲ್ಲಿ ಒಂದು ಗೌರಿಬೀಜದ ಬಳ್ಳಿ ಹುಟ್ಟಿತ್ತು. ಬೇಲಿ ಏರಿದ್ದೇ ತಡ, ಅದರ ಕಣ್ಣಿಗೆ ನೆಲ ಕಾಣದಾಯಿತು. ಬೆಳಗಾದರೆ ಸಾಕು, ನೀಲಿ ಹೂವರಳಿಸಿ, ಕೆಳಗೆ ಪಾತಿಯಲ್ಲಿ ಹಬ್ಬಿದ್ದ ಗೆಣಸಿನ ಬಳ್ಳಿಯನ್ನು ಕೆಣಕುತ್ತಿತ್ತು.

“ಏನಬೇ ಮಣ್ಣುಮುಕ್ಕಿ, ಇವತ್ತರ ತಲಿ ಎತ್ತತೀಯೇನು?”

“ಹಂಗನಬ್ಯಾಡ ತಂಗಿ. ನಿನ್ನ ಎಲಿ, ನನ್ನ ಎಲಿ ಒಂದೇ ಅಚ್ಚು. ನಾವು ಒಂದೇ ಕುಲದವರು,” ಎಂದಿತು ಗೆಣಸು.

“ಯಾರಿಗೆ ತಂಗಿ ಅಂತಿ? ನನ್ನ ಗುರುತು ನನ್ನ ಹೂವು. ಎಲಿ ತೋರಿಸಿ ನಂಟು ಹಚ್ಚಬ್ಯಾಡ!”

ಒಂದು ಮಧ್ಯಾಹ್ನ ಫಕೀರವ್ವ ಕುಡುಗೋಲು ಹಿಡಿದು ಬಂದಳು. “ಗೆಣಸು ಇರಲಿ, ಬೇಲಿ ಮ್ಯಾಲಿನ ಕಳೆ ಸವರಿಬಿಡ್ತೀನಿ,” ಎಂದಳು. ಬಳ್ಳಿ ಗಾಬರಿಬಿದ್ದು ಹೂ ತೋರಿಸಹೋಯಿತು. ಬೆಳಗಿನ ಹೂವೆಲ್ಲ ಆಗಲೇ ಬಿಸಿಲಿಗೆ ಮುದುಡಿ, ಹಿಂಡಿದ ಅರಿವೆಯಂತಾಗಿದ್ದವು.

“ಯವ್ವಾ, ನಾನೂ ಗೆಣಸೇ! ಎಲಿ ನೋಡಬೇ, ಈಕಿ ನನ್ನ ಒಡಹುಟ್ಟಿದ ಅಕ್ಕ!”

ಫಕೀರವ್ವ ಎರಡೂ ಎಲೆ ಹಿಡಿದು ನೋಡಿದಳು. “ಹೌದಲ್ಲ! ಇಷ್ಟೆತ್ತರ ಬೆಳೆದೀಯಂದ್ರ ಬುಡದಾಗ ಎಂಥಾ ಗಡ್ಡಿ ಇರಬೇಕು!” ಎಂದವಳೇ ಕುಡುಗೋಲು ಬಿಸುಟು ಗುದ್ದಲಿ ತಂದಳು. ನಾಲ್ಕೇ ಏಟಿಗೆ ಬಳ್ಳಿ ಬೇರುಸಹಿತ ಮೇಲೆ ಬಂತು. ಬುಡದಲ್ಲಿ ಬೆರಳು ಗಾತ್ರದ ಗಡ್ಡೆಯೂ ಇರಲಿಲ್ಲ.

ತಿಪ್ಪೆಗೆ ಹೊರಟ ಬಳ್ಳಿಯನ್ನು ನೋಡಲು ಗೆಣಸು ಅಂದು ಮೊದಲ ಸಲ ತಲೆ ಎತ್ತಿತು.

“ಕಳೆ ಅಂತ ಒಪ್ಪಿಕೊಂಡು ಕುಡುಗೋಲಿಗೆ ಕೊರಳು ಕೊಟ್ಟಿದ್ರ, ಬುಡ ಉಳಿದು ಮತ್ತ ಚಿಗೀತಿದ್ಯಲ್ಲಬೇ, ತಂಗಿ!”