ತಣ್ಣಗಾಗುವವರೆಗೆ ಕೂತ ಬಚ್ಚ ಮೇಸ್ತ್ರಿ

ಮಾರಲಿಟ್ಟ ಇಂಜಿನನ್ನು ತಣ್ಣಗಿರುವಾಗಲೇ ತೋರಿಸಬೇಕು. ಹಿಂದಿನ ಸಂಜೆಯಿಂದ ಅದನ್ನು ಯಾರೂ ಚಾಲೂ ಮಾಡಿರಬಾರದು. ಕೊಳ್ಳುವವನು ಬಂದು, ತಾನೇ ಅದರ ಮೈ ಮುಟ್ಟಿ ನೋಡಿ, ತಾನೇ ಹ್ಯಾಂಡಲು ಹಾಕಿ ತಿರುಗಿಸಬೇಕು. ಇದು ನಿಯಮ. ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಆದರೂ ಈ ಕತೆಯಲ್ಲಿ ಬರುವವರೆಲ್ಲ ಇದನ್ನು ಮುರಿದವರೇ. ಮಾರುವವರು ಮುರಿದರು, ಕೊಳ್ಳುವವರು ಮುರಿದರು, ಸುಮ್ಮನೆ ನಿಂತು ನೋಡಿದವರೂ ಮುರಿದರು.

ಬಹಳ ಹಿಂದಿನ ಮಾತು. ದೋಣಿಗಳಿಗೆ ಇಂಜಿನ್ ಬಂದಿತ್ತು, ಹಾಯಿಗಳನ್ನು ಇನ್ನೂ ಪೂರ್ತಿ ಮಡಚಿಟ್ಟಿರಲಿಲ್ಲ, ಅಂಥ ಕಾಲ. ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ಒಂದು ಊರಿತ್ತು. ಆ ಊರಿನಲ್ಲಿ ಬಚ್ಚ ಮೇಸ್ತ್ರಿ ಎಂಬವನೊಬ್ಬನಿದ್ದ. ಹಳೆಯ ಇಂಜಿನ್ ಎಲ್ಲಿ ಕೈ ಬದಲಾಗುವುದಿದ್ದರೂ ಅವನನ್ನು ಕರೆಯುತ್ತಿದ್ದರಂತೆ. ಅವನು ಬರುತ್ತಿದ್ದ, ಮುಟ್ಟುತ್ತಿದ್ದ, ತಿರುಗಿಸುತ್ತಿದ್ದ, ಕೇಳುತ್ತಿದ್ದ. ಇಂಜಿನ್ ಸರಿಯಿದ್ದರೆ ‘ಅಡ್ಡಿಲ್ಲ’ ಎನ್ನುತ್ತಿದ್ದ. ಸರಿಯಿಲ್ಲದಿದ್ದರೆ ಏನೂ ಹೇಳದೆ ಕೈ ಒರೆಸಿಕೊಂಡು ಹೊರಟುಬಿಡುತ್ತಿದ್ದ. ಅವನು ಅಡ್ಡಿಲ್ಲ ಎಂದ ಮೇಲೆ ಇನ್ನೊಬ್ಬರ ಮಾತು ಬೇಕಿರಲಿಲ್ಲ.

ಅವನ ಬಗ್ಗೆ ಏನೇನೋ ಹೇಳುತ್ತಾರೆ. ಹೊಳೆಯ ಆಚೆ ದಡದಲ್ಲಿ ನಿಂತು, ಈಚೆ ದಡದ ಇಂಜಿನಿನ ಯಾವ ಸಿಲಿಂಡರು ಸವೆದಿದೆ ಎಂದು ಹೇಳುತ್ತಿದ್ದನಂತೆ. ಎಣ್ಣೆಯನ್ನು ನಾಲಿಗೆಗೆ ಹಚ್ಚಿ, ಇದರಲ್ಲಿ ಉಪ್ಪುನೀರು ಸೇರಿದೆ ಎನ್ನುತ್ತಿದ್ದನಂತೆ. ಮೊದಲನೆಯದು ಆಗುವ ಮಾತಲ್ಲ. ಅವನು ಒಂದು ಮರದ ಕೋಲನ್ನು ಇಂಜಿನಿಗೆ ಒತ್ತಿ, ಅದರ ಇನ್ನೊಂದು ತುದಿಯನ್ನು ಕಿವಿಗಿಟ್ಟು ಕೇಳುತ್ತಿದ್ದ, ಅಷ್ಟೇ. ಎರಡನೆಯದು ಇರಬಹುದು.

ಇನ್ನೊಂದನ್ನೂ ಹೇಳಬೇಕು, ಮುಚ್ಚಿಡುವುದು ಸರಿಯಲ್ಲ. ಬಚ್ಚ ಮೇಸ್ತ್ರಿಯೂ ಎರಡು ಮೂರು ಸಲ ಬಿಸಿ ಇಂಜಿನನ್ನು ಮುಟ್ಟಿ ಅಡ್ಡಿಲ್ಲ ಎಂದಿದ್ದ. ಕೊಳ್ಳುವವರು ಅನುಕೂಲಸ್ಥರು, ರಿಪೇರಿ ಮಾಡಿಸಿಕೊಂಡಾರು ಎಂದುಕೊಂಡು ಹೇಳಿದ್ದನಂತೆ. ಊರವರು ಅದನ್ನು ನೆನಪಿಟ್ಟುಕೊಂಡಿದ್ದರು. ಬೇಕಾದಾಗ ಹಾಗೇ ಹೇಳಿಯಾನು ಎಂಬ ಧೈರ್ಯ ಅವರಿಗಿತ್ತು.

ಊರಿನ ಮೀನುಗಾರರ ಸಂಘದ ದೋಣಿಯಲ್ಲಿ ಎರಡು ಸಿಲಿಂಡರಿನ ಹಳೆಯ ಇಂಜಿನ್ ಒಂದಿತ್ತು. ಒಳಗೆಲ್ಲ ಸವೆದುಹೋಗಿತ್ತು. ಅದು ಬೆಳಿಗ್ಗೆ ಹಿಡಿಯಬೇಕಾದರೆ ನಾಲ್ಕು ಜನ ಸರದಿಯ ಮೇಲೆ ಹ್ಯಾಂಡಲು ತಿರುಗಿಸಬೇಕಿತ್ತು. ಒಮ್ಮೆ ಹಿಡಿದು ಬಿಸಿಯಾದರೆ ಸ್ವಲ್ಪ ಹೊತ್ತು ಚೆನ್ನಾಗಿ ಓಡುತ್ತಿತ್ತು, ಭಾರ ಬಿದ್ದರೆ ನಿಲ್ಲುತ್ತಿತ್ತು. ಸಂಘದ ಹಿರಿಯ ದುರ್ಗ ತಾಂಡೇಲ ಅದನ್ನು ಯಾರಿಗಾದರೂ ದಾಟಿಸಿ ಹೊಸದು ತರಬೇಕೆಂದಿದ್ದ. ಕೊಳ್ಳಲು ಮುಂದೆ ಬಂದವರು ಕುದ್ರಿನವರು.

ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಅಲ್ಲಿ ನಲವತ್ತು ಮನೆ. ಗಂಜಿಯ ಅಕ್ಕಿಗೂ ದೋಣಿ ದಾಟಬೇಕು, ಹೆರಿಗೆಗೂ ದೋಣಿ ದಾಟಬೇಕು. ಬೇಸಗೆಯಲ್ಲಿ ಕೋಲು ಊರಿ ದೋಣಿ ನಡೆಸಲು ಒಬ್ಬ ಸಾಕು. ಮಳೆಗಾಲದ ಸೆಳವಿಗೆ ಇಬ್ಬರು ಗಟ್ಟಿಗರು ಬೇಕು. ಆ ವರ್ಷ ಇಬ್ಬರಲ್ಲಿ ಒಬ್ಬ ತೀರಿಕೊಂಡಿದ್ದ. ಕೋಲು ಹಿಡಿಯಲು ಐತ ಎಂಬವನೊಬ್ಬನೇ ಉಳಿದಿದ್ದ. ಅದಕ್ಕೇ ಅವರಿಗೆ ಇಂಜಿನ್ ಬೇಕಾಗಿತ್ತು. ದೋಣಿ ದಾಟುವ ಕಡವಿನಿಂದ ಅಳಿವೆ ದೂರವಿಲ್ಲ. ತುಂಬಿದ ಹೊಳೆಯಲ್ಲಿ ಇಂಜಿನ್ ನಿಂತರೆ, ದೋಣಿ ಜನಸಮೇತ ಅಳಿವೆಯ ಅಲೆಗೆ ಸಿಕ್ಕುತ್ತದೆ. ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಎಲ್ಲರಿಗೂ ಗೊತ್ತಿದ್ದೂ, ಕುದ್ರಿನವರು ಬರುವ ದಿನ ಬೆಳಿಗ್ಗೆ ಸಂಘದವರು ಇಂಜಿನನ್ನು ದಡದ ಹೊನ್ನೆ ಮರದ ಬುಡದಲ್ಲಿ ಎರಡು ದಿಮ್ಮಿಗಳ ಮೇಲಿಟ್ಟು, ಹರಸಾಹಸ ಮಾಡಿ ಹಿಡಿಸಿ, ಒಂದು ಗಂಟೆ ಓಡಿಸಿದರು. ಸದ್ದು ಅಡಗಲಿ ಎಂದು ಮಂದದ ಎಣ್ಣೆ ಹೊಯ್ದರು. ಹೊಗೆಕೊಳವೆಗೆ ಹೊಸ ಬಣ್ಣ ಬಳಿದರು. ಚಾ ಅಂಗಡಿಯವನು ನೋಡಿದ, ಬಲೆ ಹೆಣೆಯುವ ಹೆಂಗಸರು ನೋಡಿದರು. ಯಾರೂ ಮಾತಾಡಲಿಲ್ಲವಂತೆ.

ಭರತ ಏರಿ ಹೊಳೆಯಲ್ಲಿ ನೀರು ಉಬ್ಬಿದಾಗ ಕುದ್ರಿನ ದೋಣಿ ಬಂತು. ಮುಂದಾಳಾಗಿ ಬಂದವಳು ಮುತ್ತಕ್ಕ, ಕುದ್ರಿನವರೆಲ್ಲ ಮಾತು ಕೇಳುತ್ತಿದ್ದ ಮುದುಕಿ. ಜೊತೆಗೆ ಐತ. ಬಚ್ಚ ಮೇಸ್ತ್ರಿಯನ್ನೂ ಕರೆದಿದ್ದರು. ಅವನು ಬಂದ, ಬಗ್ಗಿದ, ಇಂಜಿನಿನ ತಲೆಯ ಮೇಲೆ ಅಂಗೈ ಇಟ್ಟ. ಇಟ್ಟ ಕೈಯನ್ನು ತಟ್ಟನೆ ತೆಗೆದ.

“ಬೆಳಿಗ್ಗೆಯಿಂದ ಬಿಸ್ಲ್ ಬಿದ್ದಿತ್ ಮಾರಾಯಾ,” ಎಂದ ದುರ್ಗ ತಾಂಡೇಲ. “ಕಬ್ಬಿಣ ಅಲ್ದಾ, ಬಿಸಿ ಆಗ್ದೇ ಇರತ್ತಾ?”

ಬಚ್ಚ ಮೇಸ್ತ್ರಿ ಮರಳಿನ ಮೇಲೆ ಮೊಣಕಾಲೂರಿ, ಇಂಜಿನಿನ ಅಡಿಗೆ, ಎಣ್ಣೆ ನಿಲ್ಲುವ ತಳಕ್ಕೆ ಕೈ ಹಾಕಿದ. ಅಲ್ಲಿ ಮೇಲಿಗಿಂತ ಹೆಚ್ಚು ಬಿಸಿಯಿತ್ತು.

“ಬಿಸ್ಲ್ ಈಗ ನೆಲದಡಿಯಿಂದ್ಲೂ ಬರತ್ತಾ, ತಾಂಡೇಲಾ?”

ಎಲ್ಲರೂ ನಕ್ಕರು. ತಾಂಡೇಲನೂ ನಕ್ಕ. ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದನಂತೆ: ಹಿಂದೆ ಅಂದ ಹಾಗೆ ಇದಕ್ಕೂ ಒಂದು ಅಡ್ಡಿಲ್ಲ ಅಂದುಬಿಡು, ನಿನ್ನ ಇಬ್ಬರು ಮಕ್ಕಳೂ ಸಂಘದ ದೋಣಿಯಲ್ಲೇ ಹೋಗುವವರು, ನೆನಪಿರಲಿ. ಮೇಸ್ತ್ರಿ ಮೊಣಕಾಲಿನ ಮರಳು ಕೊಡವಿ ಎದ್ದ. ಮುತ್ತಕ್ಕನ ಕಡೆ ತಿರುಗಿ, ಇಂಜಿನ್ ಬಿಸಿ ಮಾಡಿಟ್ಟಿದ್ದಾರೆ, ತಣ್ಣಗಾದ ಮೇಲೆ ನೋಡಿ ಎಂದ.

ಇಲ್ಲಿ ಯಾರೂ ಎಣಿಸದಿದ್ದದ್ದು ಆಯಿತು. ಮುತ್ತಕ್ಕ ಒಪ್ಪಲಿಲ್ಲ. ಮಳೆಗೆ ಇನ್ನು ಎಂಟು ದಿನವಿತ್ತು. ಇಳಿತ ಶುರುವಾದರೆ ಅವರ ದೋಣಿ ಕೆಸರಿನಲ್ಲಿ ಕೂರುತ್ತಿತ್ತು. ಈ ಇಂಜಿನ್ ಬಿಟ್ಟರೆ ಇನ್ನೊಂದು ಸಿಗುವ ಹಾಗಿರಲಿಲ್ಲ.

“ಮೇಸ್ತ್ರಿಯರೇ, ಬಿಸಿಯೋ ತಣ್ಣಗೋ, ನಮ್ಗೆ ಓಡಿದ್ರೆ ಸಾಕು. ನೀವೊಂದು ಅಡ್ಡಿಲ್ಲ ಅನ್ನಿ. ಮಳೆ ಹಿಡಿದ್ರೆ ನಮ್ಗೆ ದಡ ಇಲ್ಲ.”

ಮಾರುವವರಿಗೆ ಮಾರಬೇಕು, ಕೊಳ್ಳುವವರಿಗೆ ಕೊಳ್ಳಬೇಕು. ನಡುವೆ ನಿಂತವನು ಒಬ್ಬನೇ. ಐತ ಹ್ಯಾಂಡಲಿಗೆ ಕೈ ಚಾಚಿದ. ಅಷ್ಟರಲ್ಲಿ ಬಚ್ಚ ಮೇಸ್ತ್ರಿ ಹ್ಯಾಂಡಲನ್ನು ಎತ್ತಿಕೊಂಡು, ಇಂಜಿನಿನ ಮೇಲೆ ಗೋಣಿಚೀಲ ಮಡಚಿ ಹಾಕಿ, ಅದರ ಮೇಲೆ ಹತ್ತಿ ಕೂತುಬಿಟ್ಟ.

ತೊಡೆ ಸುಟ್ಟಿತು, ಆ ಕಲೆ ಸಾಯುವವರೆಗೂ ಹೋಗಲಿಲ್ಲ ಎನ್ನುತ್ತಾರೆ. ಗೋಣಿ ಹಾಕಿಕೊಂಡಿದ್ದನಲ್ಲ, ಅಷ್ಟು ವಿವೇಕ ಅವನಿಗಿತ್ತು. ಮೂರು ದಿನ ಕೂತಿದ್ದ ಎನ್ನುವವರಿದ್ದಾರೆ. ಆ ಗಾತ್ರದ ಇಂಜಿನ್ ತಣ್ಣಗಾಗಲು ಮೂರು ದಿನ ಬೇಡ. ಭರತದಿಂದ ಇಳಿತದವರೆಗೆ ಕೂತಿದ್ದ. ಅದೇ ಸಾಕಷ್ಟು ದೀರ್ಘ.

ತಾಂಡೇಲ ಬೈದ. ಸಂಘದವರು ಎಳೆಯಲು ಬಂದರು. ಮೇಸ್ತ್ರಿ ಕೂತಲ್ಲಿಂದಲೇ, ಬೆಳಗಿನ ಹೊತ್ತು ಇಂಜಿನ್ ಓಡಿಸಿದವರು ಯಾರು, ಬಣ್ಣ ಬಳಿದವರು ಯಾರು ಎಂದು ಒಬ್ಬೊಬ್ಬರ ಮುಖ ನೋಡಿ ಕೇಳತೊಡಗಿದನಂತೆ. ಮುಂದೆ ಬಂದವರು ಹಿಂದೆ ಸರಿದರು. ಚಾ ಅಂಗಡಿಯವನು ದೂರದಿಂದಲೇ ಕೂಗಿದ:

“ಏ ಬಚ್ಚಾ, ಕೋಳಿ ಕಾವಿಗೆ ಕೂತ ಹಾಗೆ ಕೂತಿದ್ಯಲ್ಲ, ಮರಿ ಯಾವಾಗ?”

“ಕೋಳಿ ಬಿಸಿ ಮಾಡೂಕೆ ಕೂರತ್ತೆ ಮಾರಾಯಾ. ನಾನು ತಣ್ಣಗಾಗ್ಲಿ ಅಂತ ಕೂತದ್ದು.”

ಮುತ್ತಕ್ಕ ಕೂಡ ಬೈದಳು. ನೀನು ನಮ್ಮ ಅನ್ನಕ್ಕೆ ಕಲ್ಲು ಹಾಕಿದೆ ಎಂದಳು. ಅದನ್ನೂ ಕೇಳಿಕೊಂಡು ಕೂತ. ಮರದ ನೆರಳು ಸರಿಯಿತು, ನೀರು ಇಳಿಯಿತು, ಕುದ್ರಿನ ದೋಣಿ ಕೆಸರಿನಲ್ಲಿ ಕೂತಿತು. ಆಗ ಅವನು ಕೆಳಗಿಳಿದು, ಬಗ್ಗಿ ತಳ ಮುಟ್ಟಿ ನೋಡಿ, ಹ್ಯಾಂಡಲನ್ನು ಮುತ್ತಕ್ಕನ ಕೈಗೆ ಕೊಟ್ಟ. ಗಂಡಸರು ತಿರುಗಿಸುವ ಹ್ಯಾಂಡಲು ಅದು. ಒಳಗೆ ಬಿಗಿಯಿರುವ ಇಂಜಿನಾದರೆ ಮುದುಕಿಯ ಕೈಗೆ ಮಣಿಯುವುದಿಲ್ಲ, ಒದ್ದು ಹಿಂದಕ್ಕೆ ಎಸೆಯುತ್ತದೆ. ಮುತ್ತಕ್ಕ ತಿರುಗಿಸಿದಳು. ಬಾವಿಯ ರಾಟೆಯ ಹಾಗೆ ಸರಾಗವಾಗಿ ತಿರುಗಿತು. ಇನ್ನೊಮ್ಮೆ ತಿರುಗಿಸಿದಳು, ಮತ್ತೂ ಒಮ್ಮೆ. ಕೆಮ್ಮಲೂ ಇಲ್ಲ ಅದು. ಆಮೇಲೆ ಐತ ತಿರುಗಿಸಿದ, ಬೆವರಿಳಿಯುವವರೆಗೆ ತಿರುಗಿಸಿದ. ಕೊಳವೆಯ ಬಾಯಲ್ಲಿ ಒಂದಿಷ್ಟು ನೀಲಿ ಹೊಗೆ ಬಂದು ಅಲ್ಲೇ ನಿಂತಿತು.

ಮುತ್ತಕ್ಕ ಹ್ಯಾಂಡಲನ್ನು ಮರಳಿನ ಮೇಲಿಟ್ಟು, ಹೊಳೆಯ ಕಡೆ ಮುಖ ಮಾಡಿ ಕೂತಳು. ಈಗ ಮಳೆಗಾಲಕ್ಕೆ ಏನು ಮಾಡುವುದು ಎಂದು ಕೇಳಿದಳಂತೆ. ಯಾರನ್ನು ಕೇಳಿದಳೋ ಏನೋ.

ಈಗಲೂ ಆ ಹೊಳೆಯ ಎರಡು ದಡಗಳಲ್ಲೂ ಹಳೆಯ ಇಂಜಿನ್ ಮಾರುವವರು ಹಿಂದಿನ ಸಂಜೆ ಅದರ ಹ್ಯಾಂಡಲನ್ನು ಬಟ್ಟೆಯಲ್ಲಿ ಸುತ್ತಿ ಕೊಳ್ಳುವವರ ಮನೆಗೆ ಕಳಿಸುತ್ತಾರೆ. ಕೀಲಿಕೈಯಿಂದ ಹಿಡಿಯುವ ಇಂಜಿನಾದರೆ ಕೀಲಿಕೈ ಕಳಿಸುತ್ತಾರೆ. ಬಚ್ಚನ ಪಾಲು ಕೊಟ್ಟು ಬಂದೆವು ಎನ್ನುತ್ತಾರೆ. ಕಳಿಸದವನ ಇಂಜಿನನ್ನು ಮುಟ್ಟಿ ನೋಡಲು ಕೂಡ ಯಾರೂ ಹೋಗುವುದಿಲ್ಲ.

ಆ ವರ್ಷ ತಾಂಡೇಲ ತಾನು ಹೇಳಿದ್ದನ್ನು ಮಾಡಿದ. ಮೇಸ್ತ್ರಿಯ ಮಕ್ಕಳನ್ನು ಸಂಘದ ದೋಣಿಯಿಂದ ಇಳಿಸಿದ. ಎಂಟನೆಯ ದಿನ ಮಳೆ ಹಿಡಿಯಿತು, ಹೊಳೆ ಕೆಂಪಾಗಿ ತುಂಬಿ ಬಂತು. ಬೆಳಿಗ್ಗೆ ಕುದ್ರಿನವರು ಕಡವಿಗೆ ಬಂದು ನೋಡಿದರು. ದೋಣಿಯ ಹಿಂದೆ ಐತ ಕೋಲು ಹಿಡಿದು ನಿಂತಿದ್ದ. ಮುಂದೆ, ಅರವತ್ತು ದಾಟಿದ ಬಚ್ಚ ಮೇಸ್ತ್ರಿ ಮುಂಡು ಮೇಲೆ ಕಟ್ಟಿ, ಇನ್ನೊಂದು ಕೋಲನ್ನು ಆಗಲೇ ನೀರಿಗೆ ಊರಿದ್ದ.