ದೇವತೆಗಳ ಪಾಲು

"ಗುರುಗಳೇ, ದಾಸೋಹಕ್ಕೆಂದು ಇಟ್ಟಿದ್ದ ಬೆಲ್ಲವನ್ನು ನಾವು ಆರು ಜನ ಚೂರು ಚೂರಾಗಿ ತಿಂದು ಮುಗಿಸಿದೆವು. ಆರು ಜನ ಮಾಡಿದ ತಪ್ಪಿನಲ್ಲಿ ನನ್ನ ಪಾಲು ಎಷ್ಟು?" ಎಂದು ಶಿಷ್ಯ ಕೇಳಿದ.

"ಅಡುಗೆಯವರಿಗೆ ಏನು ಹೇಳಿದಿರಿ?"

"ಇಲಿ ತಿಂದಿತು ಎಂದೆವು."

ಗುರುಗಳು ನಗಲಿಲ್ಲ. ಕತೆ ಹೇಳಿದರು.

ಮುಚ್ಚಿಟ್ಟ ಪೀಪಾಯಿಯನ್ನು ಹೇಳಿದ ದಿನಕ್ಕೆ ಮುಂಚೆ ತೆರೆಯಬಾರದು. ದೂರದ ಮೆಕ್ಸಿಕೋ ದೇಶದಲ್ಲಿ ಟಕೀಲಾ ಎಂಬ ಮದ್ಯ ಇಳಿಸುವ ಒಂದು ಊರಿನ ಕಟ್ಟಳೆ ಇದು. ಅಲ್ಲಿ ಕಾಯುವುದೇ ಕಸುಬು. ಆ ಮದ್ಯಕ್ಕೆ ಬೇಕಾದ ಕತ್ತಾಳೆ ನೆಲದಲ್ಲಿ ಎಂಟು ವರ್ಷ ಬಲಿಯಬೇಕು. ಕೊಯ್ಲುಗಾರ ಮುಳ್ಳಿನ ಎಲೆಗಳನ್ನು ಸವರಿ ಗಡ್ಡೆ ತೆಗೆಯುತ್ತಾನೆ. ಗಡ್ಡೆಯನ್ನು ಇಟ್ಟಿಗೆಯ ಗೂಡಿನಲ್ಲಿ ಎರಡು ದಿನ ಬೇಯಿಸಿ, ಕಲ್ಲಿನ ಗಾಲಿಯಡಿ ಅರೆದು, ರಸವನ್ನು ಹುಳಿಸಿ, ಎರಡು ಸಲ ಭಟ್ಟಿ ಇಳಿಸುತ್ತಾರೆ. ಆಮೇಲೆ ಅದು ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಲಗಬೇಕು. ಮಲಗಿದಷ್ಟು ದಿನವೂ ಒಂದಿಷ್ಟು ಮದ್ಯ ಮರದ ಮೂಲಕ ಆರಿಹೋಗುತ್ತದೆ. ಅದನ್ನು ದೇವತೆಗಳ ಪಾಲು ಎನ್ನುತ್ತಾರೆ.

ಒಬ್ಬ ಕೊಯ್ಲುಗಾರ ಸಾಯುವ ಮುನ್ನ, ತಾನೇ ನೆಟ್ಟು ಕೊಯ್ದ ಕತ್ತಾಳೆಯ ಒಂದು ಪೀಪಾಯಿಯನ್ನು ಉಗ್ರಾಣದವನಿಗೆ ಒಪ್ಪಿಸಿದ. "ಮೂರು ವರ್ಷಕ್ಕೆ ಮಗಳ ಮದುವೆ. ಅವತ್ತು ತೆಗಿ. ಊರೆಲ್ಲ ನನ್ನ ಕೈಯಿಂದ ಕುಡಿದ ಹಾಗಿರಲಿ" ಎಂದ. ಉಗ್ರಾಣದವನು ಅವನ ಕೈ ಹಿಡಿದು ಮಾತು ಕೊಟ್ಟ.

ವರ್ಷ ತುಂಬುವ ಮೊದಲೇ ಭಟ್ಟಿಯ ಯಜಮಾನ ಬಂದ. "ಬಿರಡೆ ತೆಗಿ ಮಾರಾಯ, ಮರದ ರುಚಿ ಹಿಡಿದಿದೆಯೋ ನೋಡೋಣ. ಒಂದು ಲೋಟ ತಾನೇ? ದೇವತೆಗಳು ಕುಡಿದರು ಅಂದುಕೋ."

ಉಗ್ರಾಣದವನು ಹಗ್ಗ ಕಟ್ಟಿದ ತಾಮ್ರದ ಲೋಟವನ್ನು ಪೀಪಾಯಿಯೊಳಗೆ ಇಳಿಸಿದ. ಆಮೇಲೆ ಗಡ್ಡೆ ಬೇಯಿಸುವ ಗೂಡಿನವನು ಕೆಮ್ಮಿಗೆಂದು ಬಂದ. ಪೀಪಾಯಿ ಮಾಡಿದವನು ಸೋರುತ್ತಿದೆಯೋ ನೋಡಲು ಬಂದ. ಪಾದ್ರಿ ಹಬ್ಬಕ್ಕೆ ಬಂದ. ಒಬ್ಬೊಬ್ಬರಿಗೂ ಒಂದೇ ಲೋಟ. ಅವರು ಹೋದ ಮೇಲೆ ಲೋಟದ ತಳದಲ್ಲಿ ಉಳಿದದ್ದನ್ನು ಉಗ್ರಾಣದವನು ಕುಡಿಯುತ್ತಿದ್ದ. ಬರಬರುತ್ತ ಅವನು ಯಾರಾದರೂ ಬರಲೆಂದು ಕಾಯುವುದನ್ನೂ ಬಿಟ್ಟ.

ಮದುವೆಯ ದಿನ ಪೀಪಾಯಿಯನ್ನು ಅಂಗಳಕ್ಕೆ ಉರುಳಿಸಿದರು. ಅದು ಡೋಲಿನ ಹಾಗೆ ಸದ್ದು ಮಾಡಿತು. ಅರ್ಧ ಊರಿಗೆ ಬಡಿಸುವಷ್ಟರಲ್ಲಿ ಮುಗಿದುಹೋಯಿತು. ಉಳಿದವರು ಬರಿ ಲೋಟ ಹಿಡಿದು ನಿಂತರು.

"ಅಪ್ಪ ಇಷ್ಟೇ ಇಟ್ಟಿದ್ದನೇ?" ಎಂದು ಮಗಳು ಕೇಳಿದಳು. ಅವಳಿಗೆ ಅಪ್ಪನ ಬಗ್ಗೆ ನಾಚಿಕೆಯಾಗಿತ್ತು. ಅದನ್ನು ಉಗ್ರಾಣದವನು ಕಂಡ.

"ನಮ್ಮೂರಿನ ದೇವತೆಗಳಿಗೆ ದಾಹ ಜಾಸ್ತಿ, ಮಗಳೇ!" ಎಂದ ಯಜಮಾನ. ಗೂಡಿನವನು ನಕ್ಕ, ಪೀಪಾಯಿ ಮಾಡಿದವನು ನಕ್ಕ. ಪಾದ್ರಿ ಆಕಾಶ ನೋಡಿದ. ಯಜಮಾನ ಉಗ್ರಾಣದವನತ್ತ ತಿರುಗಿದ. "ನೀನೂ ಹೇಳಪ್ಪ, ಕೀಲಿ ಇದ್ದದ್ದು ನಿನ್ನ ಹತ್ತಿರ ತಾನೇ? ನಿನ್ನ ಮಾತನ್ನು ಹುಡುಗಿ ನಂಬುತ್ತಾಳೆ."

ನಂಬುತ್ತಾಳೆಂದು ಅವನಿಗೂ ಗೊತ್ತಿತ್ತು. ಹೌದು ಎಂದು ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಅವನು ತಲೆಯಾಡಿಸಲಿಲ್ಲ. ಉಗ್ರಾಣಕ್ಕೆ ಹೋಗಿ ತಾಮ್ರದ ಲೋಟ ತಂದ. ಊರೆಲ್ಲ ನೋಡುತ್ತಿದ್ದಂತೆ, ತಲೆ ತಗ್ಗಿಸಿ, ಅದನ್ನು ಅವಳ ಕೈಯಲ್ಲಿಟ್ಟ. ಅದರ ಹಗ್ಗ ಇನ್ನೂ ಒದ್ದೆಯಾಗಿತ್ತು.

ಕತೆ ಮುಗಿಯಿತು. ಶಿಷ್ಯ ತನ್ನ ಪಾಲು ಎಷ್ಟೆಂದು ಮತ್ತೆ ಕೇಳಲು ಬಾಯಿ ತೆರೆದ.

"ಅಡುಗೆಯವರು ಇನ್ನೂ ಇಲಿಯನ್ನು ಹುಡುಕುತ್ತಿದ್ದಾರೆ" ಎಂದರು ಗುರುಗಳು.