ಅಂಬಿಗ ಹೆದರಿದ್ದನೇ?

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಸರ್ವಮಂಗಳ ಒಂದು ಸಂಜೆ ಮಠಕ್ಕೆ ಬಂದು ಗುರುಗಳನ್ನು ಕೇಳಿದಳು:

“ಬುದ್ಧಿ, ಹದಿನೈದರ ಹರೆಯದ ಮಕ್ಕಳು ಎಷ್ಟು ಚೆನ್ನಾಗಿ ಓದಬಲ್ಲರು ಎಂಬುದನ್ನು ಹಲವು ದೇಶಗಳಲ್ಲಿ ಒಂದೇ ಅಳತೆಯಿಂದ ಅಳೆಯುತ್ತಾರಂತೆ. ಹಿಂದೆ ಮೇಲಿದ್ದ ಎಷ್ಟೋ ದೇಶಗಳು ಈಗ ಕೆಳಗಿಳಿಯುತ್ತಿವೆಯಂತೆ. ನನ್ನ ತರಗತಿಯಲ್ಲೂ ಅದೇ ಕತೆ. ಮಕ್ಕಳು ತಡವರಿಸದೆ ಓದುತ್ತಾರೆ, ಓದಿದ್ದು ಒಳಗೆ ಇಳಿಯುವುದಿಲ್ಲ. ಮಕ್ಕಳ ಕೈಯಿಂದ ಓದು ಯಾಕೆ ಜಾರಿಹೋಗುತ್ತಿದೆ?”

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದಾನೊಂದು ಕಾಲದಲ್ಲಿ ಅಕ್ಕಪಕ್ಕದ ಕೆಲವು ರಾಜ್ಯಗಳ ಅರಸರು ಸೇರಿ ಒಂದು ಒಪ್ಪಂದಕ್ಕೆ ಬಂದರು. ತಮ್ಮ ತಮ್ಮ ರಾಜ್ಯದ ಹರೆಯದ ಮಕ್ಕಳ ಓದನ್ನು ಆಗಾಗ ಅಳೆಸಬೇಕು; ಯಾರು ಮುಂದಿದ್ದಾರೆ, ಯಾರು ಹಿಂದಿದ್ದಾರೆ ಎಂದು ತುಂಬಿದ ಸಭೆಯಲ್ಲಿ ಸಾರಬೇಕು. ಈ ಕೆಲಸಕ್ಕೆ ಒಬ್ಬ ಪರೀಕ್ಷಕನನ್ನು ನೇಮಿಸಿದರು.

ಪರೀಕ್ಷಕ ಎಲ್ಲ ರಾಜ್ಯಗಳ ಭಾಷೆ ಬಲ್ಲವನು. ಯಾರ ಮುಲಾಜಿಗೂ ಬೀಳದವನು. ಹಳೆಯ ಕತೆಗಳಿಂದ ಕೆಲವು ಭಾಗಗಳನ್ನು ಆರಿಸಿ, ಒಂದೊಂದಕ್ಕೂ ಒಂದೊಂದು ಪ್ರಶ್ನೆ ಬರೆದು, ಎಲ್ಲ ಭಾಷೆಗಳಿಗೂ ತಿರುಗಿಸಿದ. ಅಳತೆಗೋಲು ಬದಲಾದರೆ ಅಳತೆಗೆ ಬೆಲೆಯಿಲ್ಲವೆಂದು ಪ್ರತಿ ಸಲವೂ ಅವನ್ನೇ ಒಯ್ಯುತ್ತಿದ್ದ. ಪರೀಕ್ಷೆ ಮುಗಿದೊಡನೆ ಹಾಳೆಗಳನ್ನು ತಾನೇ ಗಂಟು ಕಟ್ಟಿಕೊಳ್ಳುತ್ತಿದ್ದ.

ಮೊದಲ ಸಲ ಅಂಕಗಳು ಚೆನ್ನಾಗಿಯೇ ಬಂದವು. ಮುಂದಿನ ಸಲ ಇಳಿದವು. ಅದರ ಮುಂದಿನ ಸಲ ಇನ್ನೂ ಇಳಿದವು. ಅರಸರಿಗೆ ಗಾಬರಿಯಾಯಿತು. ಅವರು ಉಪಾಧ್ಯಾಯರನ್ನು ಕರೆಸಿ ಗದರಿಸಿದರು. ಉಪಾಧ್ಯಾಯರು ಮಕ್ಕಳಿಗೆ ಒಂದು ಉಪಾಯ ಹೇಳಿಕೊಟ್ಟರು: ಮೊದಲು ಪ್ರಶ್ನೆ ನೋಡಿ, ಅದಕ್ಕೆ ಹೊಂದುವ ಸಾಲನ್ನು ಹುಡುಕಿ, ಅದನ್ನೇ ಬರೆಯಿರಿ, ಮುಂದಕ್ಕೆ ಹೋಗಿ. ಅಂಕಗಳು ಮತ್ತೆ ಮೇಲಕ್ಕೆ ಬಂದವು. ಅರಸರು ಸಮಾಧಾನಪಟ್ಟರು. ಪರೀಕ್ಷಕನಿಗೂ ಸಂತೋಷವಾಯಿತು.

ಗುಡ್ಡನಾಡಿನ ಒಂದು ಚಿಕ್ಕ ರಾಜ್ಯ ಮಾತ್ರ ಯಾವಾಗಲೂ ಕೊನೆಯಲ್ಲೇ ಇರುತ್ತಿತ್ತು. ಅಲ್ಲಿ ಪುಸ್ತಕಗಳು ಕಡಿಮೆ. ಒಂದೇ ಕತೆಯನ್ನು ತಿಂಗಳುಗಟ್ಟಲೆ ಓದುತ್ತಿದ್ದರು. ಆ ಮಕ್ಕಳು ಹೊತ್ತು ಮುಗಿಯುವುದರೊಳಗೆ ಅರ್ಧ ಪ್ರಶ್ನೆಗಳನ್ನೂ ಮುಟ್ಟುತ್ತಿರಲಿಲ್ಲ. ಅಲ್ಲಿನ ಅರಸ ಸಭೆಯಲ್ಲಿ ತಲೆತಗ್ಗಿಸಿ ಸಾಕಾಗಿ, “ಈ ಸಲವೂ ಕೊನೆಗೆ ಬಿದ್ದರೆ ಶಾಲೆಗಳನ್ನು ಮುಚ್ಚಿಸುತ್ತೇನೆ. ಮಕ್ಕಳು ಕಲ್ಲುಗಣಿಯಲ್ಲಿ ದುಡಿಯಲಿ” ಎಂದು ಸಾರಿಬಿಟ್ಟ.

ಆ ಸಲ ಪರೀಕ್ಷಕ ಗುಡ್ಡ ಹತ್ತಿ ಹೋದಾಗ ಈ ಸುದ್ದಿ ಪ್ರತಿಯೊಂದು ಮಗುವಿಗೂ ಗೊತ್ತಿತ್ತು. ಮಕ್ಕಳು ತಲೆಯೆತ್ತದೆ ಬರೆಯುತ್ತಿದ್ದರು. ಒಬ್ಬ ಹುಡುಗಿ ಮಾತ್ರ ಬರೆಯುವುದನ್ನು ನಿಲ್ಲಿಸಿ ಒಂದೇ ಹಾಳೆಯನ್ನು ನೋಡುತ್ತ ಕುಳಿತಿದ್ದಳು. ಆ ಹಾಳೆಯಲ್ಲಿ ಇದ್ದದ್ದು ಇಷ್ಟು:

‘ಹೊಳೆಯ ಈಚೆ ದಡದಲ್ಲಿ ಒಬ್ಬ ಅಂಬಿಗನ ಮನೆಯಿತ್ತು. ನೆರೆ ಬಂದ ದಿನ ಒಬ್ಬ ತಾಯಿ ಓಡಿಬಂದಳು. ಅವಳ ಕೂಸು ಆಚೆ ದಡದಲ್ಲಿ ಜ್ವರದಿಂದ ಮಲಗಿತ್ತು. ನೀರನ್ನು ಕಂಡು ಅವಳ ಕಾಲು ನಡುಗಿದವು. ಅಂಬಿಗನು, ಇದಕ್ಕಿಂತ ದೊಡ್ಡ ನೆರೆ ಎಷ್ಟೋ ನೋಡಿದ್ದೇನೆ, ಕೂತುಕೋ ತಾಯಿ ಎಂದನು. ದಾರಿಯುದ್ದಕ್ಕೂ ಹಾಡುತ್ತ ದೋಣಿ ನಡೆಸಿದನು. ಅವಳನ್ನು ಆಚೆ ದಡದಲ್ಲಿ ಇಳಿಸಿದನು. ನೆರೆ ಇಳಿಯುವವರೆಗೂ ಅವನು ಅಲ್ಲಿಂದ ಹಿಂತಿರುಗಲಿಲ್ಲ.’

ಕೆಳಗೆ ಪ್ರಶ್ನೆ: ‘ಅಂಬಿಗನು ಏಕೆ ಹೆದರಲಿಲ್ಲ?’ ಸರಿಯುತ್ತರವನ್ನು ಪರೀಕ್ಷಕನೇ ಗೊತ್ತುಮಾಡಿದ್ದ: ಇದಕ್ಕಿಂತ ದೊಡ್ಡ ನೆರೆಗಳನ್ನು ಅವನು ನೋಡಿದ್ದರಿಂದ. ಎಲ್ಲ ರಾಜ್ಯಗಳ ಮಕ್ಕಳೂ ಹಾಗೆಯೇ ಬರೆಯುತ್ತ ಬಂದಿದ್ದರು.

ಪರೀಕ್ಷಕನಿಗೆ ಅವಳ ಮೇಲೆ ಮರುಕ ಹುಟ್ಟಿತು. ಹತ್ತಿರ ಹೋಗಿ, “ಯಾಕೆ ನಿಲ್ಲಿಸಿದೆ ಮಗಳೇ? ಹೊತ್ತು ಮೀರುತ್ತಿದೆ. ಮುಂದಿನ ಪ್ರಶ್ನೆಗಳು ಹಾಗೇ ಉಳಿದಿವೆ” ಎಂದ.

“ಅಯ್ಯಾ, ಇದಕ್ಕೆ ಏನು ಬರೆಯಲಿ? ಅಂಬಿಗ ಯಾಕೆ ಹೆದರಲಿಲ್ಲ ಎಂದು ಕೇಳಿದ್ದೀರಿ. ಅವನು ಹೆದರಿದ್ದನಲ್ಲ!”

“ದೊಡ್ಡ ನೆರೆ ನೋಡಿದ್ದೇನೆ ಎಂದು ಅವನೇ ಹೇಳುತ್ತಾನೆ. ಓದಲಿಲ್ಲವೇ?”

“ಓದಿದೆ. ಹಾಗಿದ್ದರೆ ಅವಳನ್ನು ಇಳಿಸಿದ ಮೇಲೆ ಯಾಕೆ ಹಿಂತಿರುಗಲಿಲ್ಲ? ಅವನ ಮನೆ ಈಚೆ ದಡದಲ್ಲಿದೆ. ಮನೆಯವರು ಕಾಯುತ್ತಿರುತ್ತಾರೆ. ಆದರೂ ನೀರು ಇಳಿಯುವ ತನಕ ಅಲ್ಲೇ ಉಳಿದ. ಅಂಥ ನೆರೆ ಅವನೂ ನೋಡಿರಲಿಲ್ಲ ಅಯ್ಯಾ. ಆ ತಾಯಿ ಹೆದರಬಾರದೆಂದು ಹಾಗೆ ಹೇಳಿದ. ದೋಣಿಯಲ್ಲಿ ಒಬ್ಬನೇ ಆದಾಗ ಅವನ ಕೈಲಾಗಲಿಲ್ಲ.”

“ಇದನ್ನು ನಿನಗೆ ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ. ಇದರಲ್ಲೇ ಇದೆಯಲ್ಲ” ಎಂದು ಅವಳು ಹಾಳೆಯನ್ನು ಅವನ ಕಡೆಗೆ ತಿರುಗಿಸಿದಳು.

ಪರೀಕ್ಷಕ ಹಾಳೆಯನ್ನು ಕೈಗೆ ತೆಗೆದುಕೊಂಡ. ಅವೇ ಸಾಲುಗಳು. ಒಂದಕ್ಷರವೂ ಹೆಚ್ಚುಕಡಿಮೆಯಾಗಿರಲಿಲ್ಲ. ಓದುತ್ತ ಹೋದಂತೆ ಅವನ ಮೈನವಿರೆದ್ದಿತು. ಆ ಅಂಬಿಗನನ್ನು ಹೊತ್ತುಕೊಂಡು ಅವನು ರಾಜ್ಯ ರಾಜ್ಯ ಸುತ್ತಿದ್ದ. ಅಂಬಿಗನ ಮುಖವನ್ನು ಈಗ ನೋಡುತ್ತಿದ್ದ. ಉಕ್ಕುವ ನೀರಿನ ನಡುವೆ ಜೀವ ಬಿಗಿಹಿಡಿದುಕೊಂಡು, ಎದುರಿಗೆ ಕುಳಿತವಳಿಗೆ ಧೈರ್ಯ ತುಂಬುತ್ತಿದ್ದ ಒಬ್ಬ ಮನುಷ್ಯ. ಇಷ್ಟು ಕಾಲ ಆ ಮನುಷ್ಯ ಇಲ್ಲೇ ಇದ್ದ, ಈ ಕೆಲವು ಸಾಲುಗಳೊಳಗೆ. ಪರೀಕ್ಷಕನ ಕಣ್ಣು ತುಂಬಿ ಬಂತು. ಆ ಕೋಣೆಯಲ್ಲಿ ದೊಡ್ಡದೇನೋ ನಡೆದುಹೋಗಿತ್ತು. ಉಳಿದ ಮಕ್ಕಳು ಏನೂ ತಿಳಿಯದೆ ಬರೆಯುತ್ತಲೇ ಇದ್ದರು.

ಹೊತ್ತು ಮುಗಿಯಿತು. ಹುಡುಗಿಯ ಉಳಿದ ಹಾಳೆಗಳು ಖಾಲಿಯಾಗಿದ್ದವು. ಲೆಕ್ಕದ ಪ್ರಕಾರ ಗುಡ್ಡನಾಡು ಮತ್ತೆ ಕೊನೆಗೇ ಬಿದ್ದಿತು.

ಸಭೆ ಸೇರಿತು. ಪರೀಕ್ಷಕ ಎದ್ದು ನಿಂತು, “ಅರಸರೇ, ಈ ಸಲ ನಾನು ಯಾವ ರಾಜ್ಯದ ಹೆಸರನ್ನೂ ಸಾರುವುದಿಲ್ಲ. ಓದದೆಯೇ ಉತ್ತರ ಬರೆಯಬಹುದಾದ ಪ್ರಶ್ನೆಗಳನ್ನು ಕೇಳುತ್ತ ಬಂದಿದ್ದೇನೆ. ಮತ್ತೊಮ್ಮೆ ಅಳೆಯಲು ಅಪ್ಪಣೆ ಕೊಡಿ. ಅಲ್ಲಿಯವರೆಗೆ ಯಾವ ಶಾಲೆಗೂ ಬೀಗ ಬೀಳಬಾರದು” ಎಂದ. ಮುಂದಿದ್ದ ರಾಜ್ಯಗಳ ಅರಸರು ಸಿಟ್ಟಾದರು. ಆದರೆ ಅಳೆದವನೇ ಅಳತೆ ತಪ್ಪೆನ್ನುವಾಗ ಬೇರೆ ದಾರಿಯಿರಲಿಲ್ಲ. ಒಪ್ಪಿದರು.

ಅವನು ಕತೆಗಳನ್ನು ಮುಟ್ಟಲಿಲ್ಲ, ಪ್ರಶ್ನೆಗಳನ್ನು ಬದಲಿಸಿದ. ಅಂಬಿಗನ ಕತೆಯ ಕೆಳಗೆ ಹೀಗೆ ಬರೆದ: ‘ಅಂಬಿಗ ಹೆದರಿದ್ದನೇ? ನಿನಗೆ ಹೇಗೆ ತಿಳಿಯಿತು?’

ಅಂಕಗಳು ಎಲ್ಲ ಕಡೆಯೂ ದಡದಡನೆ ಬಿದ್ದವು. ಅಲ್ಲಿಯವರೆಗೆ ಮೊದಲ ಸ್ಥಾನದಲ್ಲಿದ್ದ ರಾಜ್ಯ ಎಲ್ಲಕ್ಕಿಂತ ಕೆಳಗೆ ಬಿದ್ದಿತು. ಗುಡ್ಡನಾಡು ಮೊದಲನೆಯದೇನೂ ಆಗಲಿಲ್ಲ. ಕೊನೆಯದಂತೂ ಅಲ್ಲ. ಅಲ್ಲಿನ ಅರಸ ಶಾಲೆಗಳ ತಂಟೆಗೆ ಹೋಗಲಿಲ್ಲ. ಉಳಿದ ಅರಸರು ಸೇರಿ ಪರೀಕ್ಷಕನನ್ನು ಕೆಲಸದಿಂದ ತೆಗೆದುಹಾಕಿದರು.

ಅವನು ಗಂಟು ಹೆಗಲಿಗೇರಿಸಿ ಊರಿನ ದಾರಿ ಹಿಡಿದ. ದಾರಿ ಆ ಮೊದಲ ಸ್ಥಾನದ ರಾಜ್ಯದ ಮೂಲಕವೇ ಹಾದುಹೋಗುತ್ತಿತ್ತು. ಒಂದು ಬಾವಿಕಟ್ಟೆಯ ಬಳಿ ನೀರು ಕುಡಿಯಲು ನಿಂತಾಗ ಇಬ್ಬರು ಹರೆಯದವರು ಜೋರು ಜೋರಾಗಿ ವಾದಿಸುತ್ತಿದ್ದರು. ತುಂಬಿದ ಕೊಡಗಳು ಪಕ್ಕದಲ್ಲಿದ್ದವು. ಯಾರಿಗೂ ಮನೆಯ ನೆನಪಿದ್ದಂತೆ ಕಾಣಲಿಲ್ಲ.

“ಅವನು ಹೆದರಿದ್ದನೆಂದೇ ಇಟ್ಟುಕೋ” ಎಂದು ಒಬ್ಬಳು ಕೇಳುತ್ತಿದ್ದಳು, “ಮತ್ತೆ ಹಾಡಿದ್ದು ಯಾರಿಗಾಗಿ? ಅವಳಿಗೋ, ತನಗೋ?”

ಇದು ಪರೀಕ್ಷಕನಿಗೂ ಹೊಳೆದಿರಲಿಲ್ಲ. ಬೊಗಸೆಯ ನೀರು ಬೆರಳ ಸಂದಿಯಿಂದ ಸೋರಿಹೋಯಿತು. ಅವನು ಅಲ್ಲೇ ನಿಂತು, ಅವರಿಗೆ ಕಾಣದಂತೆ ಕೈಮುಗಿದ.

ಗುರುಗಳು ಕತೆ ನಿಲ್ಲಿಸಿದರು. ಸರ್ವಮಂಗಳ, “ಹಾಗಾದರೆ ನಾಳೆ ತರಗತಿಗೆ ಹೋಗಿ ನಾನೇನು ಮಾಡಲಿ ಬುದ್ಧಿ?” ಎಂದಳು.

“ಉತ್ತರ ನಿನಗೇ ಗೊತ್ತಿಲ್ಲದ ಪ್ರಶ್ನೆಯನ್ನು ನೀನು ಮಕ್ಕಳಿಗೆ ಕೊನೆಯ ಸಲ ಕೇಳಿದ್ದು ಯಾವಾಗ ತಾಯಿ?” ಎಂದರು ಗುರುಗಳು.